ಬಾಲ್ಯದ ಗೇಮ್‌ಗೆ ಕ್ಯಾಮೆರಾ ಹಿಡಿಯುವ ಮುನ್ನ

‘ದಿ ಲೆಜೆಂಡ್ ಆಫ್ ಜೆಲ್ಡಾ’ 1986ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ವಿಡಿಯೊ ಗೇಮ್. ಅದನ್ನು ಸಿನಿಮಾ ಮಾಡುವ ಹೊಣೆ 2023ರಲ್ಲಿ ಅಮೆರಿಕದ ನಿರ್ದೇಶಕ ವೆಸ್ ಬಾಲ್ ಅವರಿಗೆ ಸಿಕ್ಕಿತು. ತನಗಂತೂ ಈ ಅವಕಾಶ ಒದಗಲಾರದು, ಆದರೂ ಜೆಲ್ಡಾ ಸಿನಿಮಾ ಆಗಬೇಕು ಎಂದು ಅವರು 2010ರಲ್ಲೇ ಟ್ವಿಟರ್‌ನಲ್ಲಿ ಬರೆದುಕೊಂಡಿದ್ದರು. ನಡುವಿನ ಹದಿಮೂರು ವರ್ಷಗಳಲ್ಲಿ ಅವರನ್ನು ಮುಂದಕ್ಕೆ ಒಯ್ದದ್ದು ಜೆಲ್ಡಾ ಮೇಲಿನ ಪ್ರೀತಿಯಲ್ಲ, ಸ್ವಂತ ಕೆಲಸ. ‘ರೂಯಿನ್’ ಎಂಬ ಅವರ ಆನಿಮೇಷನ್ ಕಿರುಚಿತ್ರ ಫಾಕ್ಸ್ ಸ್ಟುಡಿಯೊದ ಕಣ್ಣಿಗೆ ಬಿತ್ತು; ಅದರಿಂದ ‘ದಿ ಮೇಜ್ ರನ್ನರ್’ ಸರಣಿ ಕೈಗೆ ಬಂತು.

ಪ್ರೀತಿಯೊಂದನ್ನೇ ನೆಚ್ಚಿ ಹೊರಟವರಿಗೆ ಆದದ್ದು ಬೇರೆ. ಇದೇ ಸರಣಿಯ ಗೇಮ್ ಆಧರಿಸಿ ಅಭಿಮಾನಿಗಳ ತಂಡವೊಂದು ‘ದಿ ಹೀರೊ ಆಫ್ ಟೈಮ್’ ಎಂಬ ಪೂರ್ಣ ಪ್ರಮಾಣದ ಚಿತ್ರ ಮಾಡಿ 2009ರಲ್ಲಿ ಪ್ರದರ್ಶಿಸಿತು. ನಿಂಟೆಂಡೊ ತಕರಾರು ಎತ್ತಿತು. ವರ್ಷ ಮುಗಿಯುವಷ್ಟರಲ್ಲಿ ಪ್ರದರ್ಶನ ನಿಂತಿತು. ಲಾಭ ಬೇಡ ಎಂದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಕೃತಿಯನ್ನು ಮತ್ತೊಂದು ಮಾಧ್ಯಮಕ್ಕೆ ತರುವ ಅಧಿಕಾರವೂ ಹಕ್ಕುಸ್ವಾಮ್ಯದೊಳಗೇ ಸೇರಿದೆ. ತ್ರಿವೇಣಿಯವರ ‘ಬೆಳ್ಳಿಮೋಡ’ದಂಥ ಕಾದಂಬರಿಯನ್ನು ತೆರೆಗೆ ತರುವವರು ಲೇಖಕರನ್ನೋ ಅವರ ಮನೆಯವರನ್ನೋ ಒಪ್ಪಿಸಿದರಾಯಿತು. ದೊಡ್ಡ ಗೇಮ್‌ನ ಒಡೆತನ ಕಂಪನಿಯದು. ಸಿನಿಮಾ ಕೆಟ್ಟರೆ ಗೇಮ್‌ನ ಹೆಸರೂ ಕೆಡುತ್ತದೆಂಬ ಅಳುಕು ಅದಕ್ಕೆ.

ಆ ಅಳುಕಿಗೆ ಕಾರಣವೂ ಇದೆ. ‘ಸೂಪರ್ ಮಾರಿಯೊ ಬ್ರದರ್ಸ್’ ಗೇಮ್‌ಗಳನ್ನು ಆಧರಿಸಿದ 1993ರ ಚಿತ್ರದಲ್ಲಿ ನಿಂಟೆಂಡೊ ಹೆಚ್ಚು ಕೈಯಾಡಿಸಲಿಲ್ಲ. ಬಣ್ಣಬಣ್ಣದ ಅಣಬೆಗಳ ಲೋಕ ತೆರೆಯ ಮೇಲೆ ಕತ್ತಲು ಕವಿದ ನಗರವಾಯಿತು, ಹಾಕಿದ ಹಣವೂ ಮರಳಲಿಲ್ಲ. 2023ರ ಮಾರಿಯೊ ಆನಿಮೇಷನ್ ಚಿತ್ರಕ್ಕೆ ಗೇಮ್‌ನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಅವರೇ ಸಹನಿರ್ಮಾಪಕರಾಗಿ ನಿಂತರು. ಗಳಿಕೆ 130 ಕೋಟಿ ಡಾಲರ್ ದಾಟಿತು. ಜೆಲ್ಡಾಕ್ಕೂ ಅವರೇ ನಿರ್ಮಾಪಕರಲ್ಲೊಬ್ಬರು, ಅರ್ಧಕ್ಕಿಂತ ಹೆಚ್ಚು ಬಂಡವಾಳ ನಿಂಟೆಂಡೊದ್ದು. ಇಂಥ ಕಡೆ ಹೊಸಬರಿಗೆ ಜಾಗ ಸಿಗುವುದು ಕಷ್ಟ.

ಅನುಮತಿಗೆ ಕಾಯದೆ ಕಿರುಚಿತ್ರ ಮಾಡಿ ಸಾಮರ್ಥ್ಯ ತೋರಿಸುವ ದಾರಿಯೊಂದಿದೆ. ಕೆವಿನ್ ಟಾಂಚರೋಯನ್ 2010ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಗೇಮ್ ಆಧರಿಸಿ ‘ಮಾರ್ಟಲ್ ಕಾಂಬ್ಯಾಟ್: ರೀಬರ್ತ್’ ಮಾಡಿದರು. ವಾರ್ನರ್ ಸ್ಟುಡಿಯೊ ಮೆಚ್ಚಿ ವೆಬ್ ಸರಣಿ ಕೊಟ್ಟಿತು, ಸಿನಿಮಾವನ್ನೂ ಒಪ್ಪಿಸಿತು. ಕೊನೆಗೆ ಅವರು ಹೊರನಡೆದರು. 2021ರಲ್ಲಿ ಬಂದ ಚಿತ್ರ ಬೇರೆಯವರದು. ಡ್ಯಾನ್ ಟ್ರಾಕ್ಟೆನ್‌ಬರ್ಗ್ 2011ರಲ್ಲಿ ‘ಪೋರ್ಟಲ್’ ಗೇಮ್ ಆಧರಿಸಿ ಕಿರುಚಿತ್ರ ಮಾಡಿ ಹೆಸರಾದರು. ‘10 ಕ್ಲೋವರ್‌ಫೀಲ್ಡ್ ಲೇನ್’, ‘ಪ್ರೇ’ ಅವರ ಪಾಲಿಗೆ ಬಂದವು, ‘ಪೋರ್ಟಲ್’ ಬರಲಿಲ್ಲ. ನೀಲ್ ಬ್ಲಾಮ್‌ಕ್ಯಾಂಪ್ ಅವರದು ಇನ್ನೂ ವಿಚಿತ್ರ. ನಿರ್ದೇಶಕ ಪೀಟರ್ ಜಾಕ್ಸನ್ ಬೆಂಬಲದಲ್ಲಿ ಅವರು ನಿರ್ದೇಶಿಸಬೇಕಿದ್ದ, ‘ಹೇಲೊ’ ಗೇಮ್ ಆಧರಿಸಿದ ಚಿತ್ರ ಸ್ಟುಡಿಯೊಗಳು ಹಿಂದೆ ಸರಿದದ್ದರಿಂದ 2006ರಲ್ಲಿ ನಿಂತುಹೋಯಿತು. ಅದೇ ಜೋಡಿ 2009ರಲ್ಲಿ ತೆರೆಗೆ ತಂದ ‘ಡಿಸ್ಟ್ರಿಕ್ಟ್ 9’ ಆಸ್ಕರ್‌ನ ಅತ್ಯುತ್ತಮ ಚಿತ್ರದ ಸ್ಪರ್ಧೆಯವರೆಗೆ ಹೋಯಿತು. ಗೇಮ್ ಕೈತಪ್ಪಿದ್ದು ಅವರಿಗೆ ಒಳ್ಳೆಯದೇ ಆಯಿತೇನೊ.

ಹಕ್ಕು ಸಿಕ್ಕ ಮೇಲೆ ಎದುರಾಗುವುದು ಕಲೆಯ ಪ್ರಶ್ನೆ. ಜೆಲ್ಡಾ ಗೇಮ್‌ಗಳ ನಾಯಕ ಲಿಂಕ್ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಅವನ ಬಾಯಿ, ಬುದ್ಧಿ ಎರಡೂ ಆಡುವವನದೇ. ಹತ್ತಾರು ಗಂಟೆ ತಡಕಾಡಿ, ಸೋತು, ಗುಹೆಯ ಬಾಗಿಲು ತಾನೇ ತೆರೆದ ಸುಖಕ್ಕೆ ಎರಡೂವರೆ ಗಂಟೆ ಕುರ್ಚಿಯಲ್ಲಿ ಕೂತವನ ಪಾಲಿಗೆ ಸಮನಾದದ್ದು ಯಾವುದು? ಗೇಮ್‌ನ ಕತ್ತಿ, ಗುರಾಣಿ, ಸಂಗೀತವನ್ನು ಹಾಗೆಯೇ ತಂದಿಟ್ಟರೆ ಅಭಿಮಾನಿ ಗುರುತಿಸಿ ಚಪ್ಪಾಳೆ ಹೊಡೆಯುತ್ತಾನೆ, ಅಷ್ಟೆ. ಸತ್ತು ಮತ್ತೆ ಮೊದಲಿನಿಂದ ಶುರು ಮಾಡುವ ಗೇಮ್‌ನ ಅನುಭವವನ್ನು ಚೆನ್ನಾಗಿ ಹಿಡಿದ 2014ರ ‘ಎಡ್ಜ್ ಆಫ್ ಟುಮಾರೊ’ ಯಾವ ಗೇಮ್‌ನ ರೂಪಾಂತರವೂ ಅಲ್ಲ. ಅದರ ಮೂಲ ಜಪಾನಿ ಕಾದಂಬರಿ.

ಸಣ್ಣ ಗೇಮ್‌ಗಳಲ್ಲಿ ಮಾತ್ರ ದಾರಿ ಸಲೀಸು. ‘ಐರನ್ ಲಂಗ್’ 2022ರಲ್ಲಿ ಡೇವಿಡ್ ಸಿಮಾನ್‌ಸ್ಕಿ ರೂಪಿಸಿದ ಪುಟ್ಟ ಭಯಾನಕ ಗೇಮ್; ಕಥೆಯೆಲ್ಲ ನಡೆಯುವುದು ಒಂದು ಜಲಾಂತರ್ಗಾಮಿಯೊಳಗೆ. ಯೂಟ್ಯೂಬ್‌ನಲ್ಲಿ ಹೆಸರಾದ ಮಾರ್ಕಿಪ್ಲೈಯರ್ ಅದನ್ನು ಸ್ವಂತ ಹಣದಲ್ಲಿ ಚಿತ್ರ ಮಾಡಿದರು. ನಿರ್ದೇಶನ, ನಟನೆ ತಮ್ಮದೇ. ವಿತರಣೆಗೂ ದೊಡ್ಡ ಸ್ಟುಡಿಯೊದ ಹಂಗಿಲ್ಲ. 2026ರ ಜನವರಿಯಲ್ಲಿ ಚಿತ್ರ ತೆರೆಕಂಡಿತು. ಆದರೆ ಇದು ಅವರು ಬಾಲ್ಯದಲ್ಲಿ ಆಡಿದ ಗೇಮ್ ಅಲ್ಲ, ದೊಡ್ಡವರಾದ ಮೇಲೆ ಆಡಿದ್ದು.