ಮೊದಲು ಆಟ, ಆಮೇಲೆ ಸೈನ್ಯ

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಯುದ್ಧವಾಡುವ ವಾರ್‌ಗೇಮಿಂಗ್ ಹವ್ಯಾಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಇದನ್ನು: ಕಡಿಮೆ ದುಡ್ಡಿನಲ್ಲಿ ಸೈನ್ಯ ಕಟ್ಟುವುದು ಹೇಗೆ? ಹಳಬರ ಬಳಿ ಉತ್ತರ ಸಿದ್ಧವಿರುತ್ತದೆ. ಸ್ಟಾರ್ಟರ್ ಪೆಟ್ಟಿಗೆಯನ್ನು ಗೆಳೆಯರ ಜೊತೆ ಹಂಚಿಕೊಳ್ಳಿ, ಸೆಕೆಂಡ್‌ಹ್ಯಾಂಡ್ ಹುಡುಕಿ, ತ್ರೀಡಿ ಪ್ರಿಂಟರ್ ಇಟ್ಟುಕೊಳ್ಳಿ, ಬೊಂಬೆ ಕಡಿಮೆ ಬೇಡುವ ಬಣವನ್ನು ಆರಿಸಿ. ಎಲ್ಲವೂ ಅಕ್ಕರೆಯಿಂದ ಹೇಳಿದ ಮಾತುಗಳೇ, ಸುಳ್ಳೂ ಅಲ್ಲ. ಆದರೆ ಸೈನ್ಯ ಎಷ್ಟು ದೊಡ್ಡದಿರಬೇಕು ಎಂಬುದು ಮೊದಲೇ ತೀರ್ಮಾನವಾಗಿಹೋಗಿದೆ ಎಂದು ಈ ಸಲಹೆಗಳೆಲ್ಲ ಒಪ್ಪಿಕೊಂಡುಬಿಟ್ಟಿವೆ. ನನ್ನ ತಕರಾರು ಅದಕ್ಕೆ.

ಬ್ರಿಟನ್ನಿನಲ್ಲಿ 1987ರಲ್ಲಿ ಹುಟ್ಟಿದ ವಾರ್‌ಹ್ಯಾಮರ್ 40,000 ಆಟವನ್ನೇ ನೋಡಿ. ಅದರಲ್ಲಿ ಒಂದೊಂದು ತುಕಡಿಗೂ ಇಂತಿಷ್ಟು ಪಾಯಿಂಟ್. ಪಂದ್ಯಾವಳಿಗಳಲ್ಲಿ ತಲಾ 2,000 ಪಾಯಿಂಟ್ ವಾಡಿಕೆ. ಹೊಸಬರ ಕಣ್ಣೂ ಆ ಸಂಖ್ಯೆಯ ಮೇಲೆಯೇ ನೆಡುತ್ತದೆ. ಆದರೆ ಈ ಪಾಯಿಂಟುಗಳನ್ನು ವರ್ಷದೊಳಗೇ ಹಲವು ಸಲ ಪರಿಷ್ಕರಿಸುತ್ತಾರೆ. 2017, 2020, 2023ರಲ್ಲಂತೂ ನಿಯಮಗಳ ಹೊಸ ಆವೃತ್ತಿಗಳೇ ಬಂದವು. ಲೆಕ್ಕ ಹಾಕಿ ಕೊಂಡು ಪೂರ್ತಿಮಾಡಿದ ಸೈನ್ಯಕ್ಕೆ ಬಣ್ಣ ಒಣಗುವ ಮೊದಲೇ ಇನ್ನೊಂದು ಪೆಟ್ಟಿಗೆ ಬೇಕಾಗಬಹುದು. ಬೆಂಗಳೂರಿಗೆ ತರಿಸಿಕೊಳ್ಳುವವರಿಗೆ ಸಾಗಣೆ, ಸುಂಕ ಬೇರೆ.

ಅಗ್ಗದ ದಾರಿಗಳ ಖರ್ಚೂ ಕಡಿಮೆಯೇನಲ್ಲ. ರೆಸಿನ್ ಪ್ರಿಂಟರ್ ತಂದರೆ ರೆಸಿನ್, ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಕೈಗವಸು, ಗಾಳಿಯಾಡುವ ಜಾಗ ಎಲ್ಲ ಬೇಕು. ಅದಕ್ಕಿಂತ ದೊಡ್ಡದು ಸಮಯ. ಒಂದೊಂದು ಬೊಂಬೆಯನ್ನೂ ಚೌಕಟ್ಟಿನಿಂದ ಕತ್ತರಿಸಬೇಕು, ಅಚ್ಚಿನ ಗೆರೆ ಹೆರೆಯಬೇಕು, ಅಂಟಿಸಬೇಕು, ಪ್ರೈಮರ್ ಹೊಡೆದು ಬಣ್ಣ ಹಚ್ಚಬೇಕು. ಅರ್ಧ ಬೆಲೆಗೆ ಸಿಕ್ಕಿತೆಂದು ಎರಡು ಪಟ್ಟು ತಂದರೆ ಕೆಲಸವೂ ಎರಡು ಪಟ್ಟಾಗುತ್ತದೆ. ಬೂದು ಪ್ಲಾಸ್ಟಿಕ್ಕಾಗಿಯೇ ಪೆಟ್ಟಿಗೆಯಲ್ಲಿ ಉಳಿಯುವ ಬೊಂಬೆ ಎಷ್ಟು ಅಗ್ಗವಾಗಿದ್ದರೂ ದಂಡವೇ.

ಈ ಹವ್ಯಾಸದ ಆರಂಭ ಹೀಗಿರಲಿಲ್ಲ. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮ ಪುಸ್ತಕ ಬರೆದಾಗ ಪಾಯಿಂಟ್ ಲೆಕ್ಕ ಹಾಕಿ ಸೈನ್ಯ ಕೊಳ್ಳುವ ಮಾತೇ ಇರಲಿಲ್ಲ. ಆಟಿಕೆ ಸಿಪಾಯಿಗಳು, ಸ್ಪ್ರಿಂಗಿನಿಂದ ಗುಂಡು ಹಾರಿಸುವ ಪುಟ್ಟ ಫಿರಂಗಿ, ಅಳತೆಗೆ ದಾರ; ಕಾಲಾಳಿಗೆ ಒಂದು ಅಡಿ, ಕುದುರೆ ಸವಾರನಿಗೆ ಎರಡಡಿ. ಮಕ್ಕಳ ಕೋಣೆಯಲ್ಲಿ ಇದ್ದ ವಸ್ತುಗಳಿಗೆ ಹೊಂದುವಂತೆ ನಿಯಮ ಹುಟ್ಟಿತು. ಈಗ ನಾವು ನಿಯಮ ಪುಸ್ತಕವನ್ನು ಮುಂದಿಟ್ಟುಕೊಂಡು ವಸ್ತುಗಳನ್ನು ಹುಡುಕುತ್ತಿದ್ದೇವೆ.

ಇದ್ದುದಕ್ಕೆ ಹೊಂದುವ ಆಟಗಳು ಈಗಲೂ ಇವೆ. 1990ರಲ್ಲಿ ಬಂದ ‘ಡಿ ಬೆಲಿಸ್ ಆಂಟಿಕ್ವಿಟಾಟಿಸ್’ ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ ಆಟ. ಪ್ರತಿ ಸೈನ್ಯಕ್ಕೂ ಹನ್ನೆರಡೇ ಘಟಕಗಳು. 15 ಮಿಲಿಮೀಟರ್ ಅಳತೆಯ ಬೊಂಬೆಗಳಾದರೆ ಎರಡಡಿ ಚೌಕದ ಹಲಗೆ ಸಾಕು. ಸುಮಾರು ಒಂದು ಗಂಟೆಯಲ್ಲಿ ಕದನ ಮುಗಿಯುತ್ತದೆ. ಹನ್ನೆರಡೇ ಇರುವುದರಿಂದ ಒಂದು ಘಟಕ ಸೋತರೂ ನೋವಾಗುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಹತ್ತು ಸಲ ಯೋಚಿಸಬೇಕಾಗುತ್ತದೆ. ಆ ಯೋಚನೆಯ ಸುಖ ನೂರು ಬೊಂಬೆಗಳ ಗದ್ದಲದಲ್ಲಿ ನನಗೆ ಸಿಕ್ಕಿಲ್ಲ. 2015ರ ‘ಫ್ರಾಸ್ಟ್‌ಗ್ರೇವ್’ನಲ್ಲಿ ಒಬ್ಬ ಮಾಂತ್ರಿಕ, ಅವನ ಶಿಷ್ಯ, ಹೆಚ್ಚೆಂದರೆ ಎಂಟು ಜನ ಬಾಡಿಗೆ ಬಂಟರು. ಯಾವ ಕಂಪನಿಯ ಬೊಂಬೆಯಾದರೂ ನಡೆಯುತ್ತದೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಊರಿನ ಕ್ಲಬ್ಬಿನಲ್ಲಿ ಎಲ್ಲರೂ 2,000 ಪಾಯಿಂಟಿನ ಆಟವನ್ನೇ ಆಡುತ್ತಿದ್ದರೆ ಹನ್ನೆರಡು ಘಟಕ ಹಿಡಿದು ಹೋದವರು ಯಾರ ಜೊತೆ ಆಡಬೇಕು? ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಒಬ್ಬಂಟಿಯಾಗಿಬಿಡುವ ಭಯಕ್ಕೇ ಎಷ್ಟೋ ಜನ ಕೈಮೀರಿ ಖರ್ಚು ಮಾಡುತ್ತಾರೆ. ಆದರೆ ಐತಿಹಾಸಿಕ ಯುದ್ಧಗಳನ್ನು ಆಡುವವರಲ್ಲಿ ಹಳೆಯ ರೂಢಿಯೊಂದಿದೆ: ಎರಡೂ ಕಡೆಯ ಸೈನ್ಯವನ್ನು ಒಬ್ಬರೇ ಸಿದ್ಧಪಡಿಸುವುದು. ದೊಡ್ಡ ಸೈನ್ಯಗಳಾದರೆ ಅದು ಆಗದ ಮಾತು. ಹನ್ನೆರಡು ಹನ್ನೆರಡಾದರೆ ಎರಡೂ ಸೇರಿ ಒಂದೇ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ, ಎದುರಾಳಿ ಬರಿಗೈಯಲ್ಲಿ ಬಂದರೂ ಅವತ್ತೇ ಆಟ ಶುರುಮಾಡಬಹುದು.