ಹೊಲಕ್ಕೆ ಹೊದಿಕೆ ಹಾಕೋರು ಯಾರು?

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ನಾಲ್ಕಾರು ದಿನಕ್ಕೆ ತುಂಗಭದ್ರೆ ಬಣ್ಣ ಬದಲಿಸುತ್ತಾಳೆ. ಹರಿಹರದ ಸೇತುವೆ ಮೇಲೆ ಬಸ್ಸು ಬಂತೆಂದರೆ ಕಿಟಕಿ ಪಕ್ಕದವರು ‘ಹೊಸ ನೀರು ಬಂತು ನೋಡ್ರೀ’ ಅಂತಾರೆ. ಕೆಲವರು ಕೂತಲ್ಲಿಂದಲೇ ಕೈ ಮುಗಿಯುತ್ತಾರೆ. ಮುಗಿಯಲಿ, ಸಂತೋಷ. ಆದರೆ ಆ ನೀರಿಗೆ ಕೆಂಪು ಎಲ್ಲಿಂದ ಬಂತು ಎಂದು ಕೇಳುವವರು ಮಾತ್ರ ಕಡಿಮೆ.

ಅದರಲ್ಲಿ ಬಹುಪಾಲು ಹೊಲದ ಮೇಲ್ಮಣ್ಣು. ಶಿವಮೊಗ್ಗದ ಕಡೆಯದೂ ಇದ್ದೀತು, ನ್ಯಾಮತಿ, ಹೊನ್ನಾಳಿ ಕಡೆಯದೂ ಇದ್ದೀತು. ಯಾರದೇ ಆಗಲಿ, ಒಮ್ಮೆ ಸೇತುವೆ ದಾಟಿದ ಮಣ್ಣು ವಾಪಸು ಬಂದದ್ದನ್ನು ಯಾರೂ ನೋಡಿಲ್ಲ.

ದಾಟಿದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ಲೆಕ್ಕ ಇದೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಹಿಡಿಯಲು ಶುರು ಮಾಡಿದಾಗ ಅದರ ಹೊಟ್ಟೆ ಸುಮಾರು 133 ಟಿಎಂಸಿ. 2016ರ ಸಮೀಕ್ಷೆಯ ಹೊತ್ತಿಗೆ ಉಳಿದದ್ದು ಸುಮಾರು 105.8 ಟಿಎಂಸಿ. ಜಿಲ್ಲೆಯ ಗದ್ದೆಗಳಿಗೆ ನೀರು ಕೊಡುವ ಭದ್ರಾ ಜಲಾಶಯ ತುಂಬಿ ತುಳುಕಿದರೆ 71.5 ಟಿಎಂಸಿ. ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರು ನಿಲ್ಲಬೇಕಾದ ಜಾಗದಲ್ಲಿ ಅಲ್ಲೀಗ ಹೂಳು ಕಾಲು ಚಾಚಿ ಮಲಗಿದೆ! ಕಾಡು ಕಡಿದದ್ದು, ಗಣಿ ತೋಡಿದ್ದು, ಹೊಳೆ ದಂಡೆ ಕುಸಿದದ್ದು ಎಲ್ಲವೂ ಅದರಲ್ಲಿ ಸೇರಿದೆ, ನಿಜ. ಹಾಗಂತ ಹೊಲದ ಪಾಲು ಸುಳ್ಳಾಗುವುದಿಲ್ಲ.

‘ಹೂಳು ತೆಗೀರಿ’ ಎಂಬ ಕೂಗು ಸೂಳೆಕೆರೆಯಿಂದ ಹೊಸಪೇಟೆಯವರೆಗೆ ಕೇಳುತ್ತದೆ. ‘ಹೂಳು ಬಾರದಂತೆ ಮಾಡ್ರಿ’ ಎಂಬ ಕೂಗು ಎಲ್ಲಾದರೂ ಕೇಳಿದೆಯೆ? ಮನೆಯ ಸೂರು ಸೋರುತ್ತಿರುವಾಗ ನೆಲ ಒರೆಸುತ್ತಾ ಕೂರುವವರನ್ನು ಜಾಣರು ಅನ್ನುವುದಿಲ್ಲ.

ಗೊತ್ತಾಗದ ಕಳ್ಳತನ

ದೇಶದ ಮಣ್ಣಿನ ವಿಜ್ಞಾನಿಗಳು 1983ರಲ್ಲಿ ಹಾಕಿದ ಅಂದಾಜು ಒಂದಿದೆ: ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಜಾಗ ಬಿಟ್ಟು ಹೋಗುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಆರೂವರೆ ಟನ್, ಸುಮಾರು ಎರಡು ಟ್ರಾಕ್ಟರ್ ಲೋಡು. ಇಷ್ಟು ಮಣ್ಣನ್ನು ಒಂದು ಎಕರೆಗೆ ಹರಡಿದರೆ ದಪ್ಪ ಎಷ್ಟಾದೀತು? ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ರೂಪಾಯಿ ನಾಣ್ಯದ ದಪ್ಪವೂ ಇಲ್ಲ. ಅದಕ್ಕೇ ಕಳ್ಳತನ ಯಜಮಾನನಿಗೆ ಗೊತ್ತಾಗುವುದಿಲ್ಲ. ಯಾರಾದರೂ ಎರಡು ಲೋಡು ಮಣ್ಣು ಹೇರಿಕೊಂಡು ಹೋದರೆ ಪೊಲೀಸು ಠಾಣೆಗೆ ಓಡುವವನು, ಮಳೆ ಹೇರಿಕೊಂಡು ಹೋದರೆ ‘ಒಳ್ಳೆ ಮಳೆ ಆತು ಬಿಡ್ರಿ’ ಅಂತಾನೆ.

ಹೋಗುವುದು ಮೇಲಿನ ಪದರ. ಕೊಟ್ಟಿಗೆ ಗೊಬ್ಬರ ಇರುವುದು ಅಲ್ಲಿ, ಅಂಗಡಿಯಿಂದ ತಂದು ಹಾಕಿದ ಗೊಬ್ಬರ ಇರುವುದು ಅಲ್ಲಿ, ಬೇರಿಗೆ ಬೇಕಾದ ಸಣ್ಣ ಜೀವಗಳಿರುವುದೂ ಅಲ್ಲಿ. ಸರ್ಕಾರದ ಭೂಚೇತನ ಯೋಜನೆ 2009ರಲ್ಲಿ ಶುರುವಾದಾಗ ಮಣ್ಣು ಪರೀಕ್ಷೆಯಲ್ಲಿ ಕಂಡದ್ದೇನು? ಖುಷ್ಕಿ ಹೊಲಗಳಲ್ಲಿ ಸತು, ಬೋರಾನು, ಗಂಧಕ ಕಮ್ಮಿ ಎಂದು. ಕಮ್ಮಿ ಇದ್ದದ್ದನ್ನು ಚೀಲದಲ್ಲಿ ತಂದು ಹಾಕುವುದು, ಹಾಕಿದ್ದನ್ನು ಹಳ್ಳಕ್ಕೆ ಬಿಡುವುದು! ಗೊಬ್ಬರದಂಗಡಿಯ ಕಟ್ಟೆ ಮೇಲೆ ಕೇಳಿಬರುವ ಮಾತು ಇದೇ: ‘ಸಾವ್ಕಾರ್ರೇ, ಮೊದ್ಲು ಎಕರೆಗೆ ಎರಡು ಚೀಲ ಸಾಕಾಗ್ತಿತ್ತು. ಈಗ ಮೂರು ಹಾಕಿದ್ರೂ ಬೆಳೆ ಮೇಲೇಳಲ್ದು.’ ಸಾಹುಕಾರರು ಏನು ಹೇಳಬೇಕು? ‘ನಾಕು ಹಾಕಿ ನೋಡ್ರಿ ಗೌಡ್ರೇ’ ಅಂತಾರೆ. ಗೌಡರ ಸಾಲದ ಪುಸ್ತಕದಲ್ಲಿ ಇನ್ನೊಂದು ಗೆರೆ ಬೀಳುತ್ತದೆ.

ಹನಿಯ ಪೆಟ್ಟು

ಮಣ್ಣನ್ನು ಹರಿಯುವ ನೀರು ಕೊಚ್ಚಿಕೊಂಡು ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮೊದಲ ಪೆಟ್ಟು ಬೀಳುವುದು ಹನಿಯಿಂದ. ದಪ್ಪ ಹನಿ ನೆಲಕ್ಕೆ ಅಪ್ಪಳಿಸುವ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್, ಅಂದರೆ ಪೇಟೆಯೊಳಗೆ ಓಡುವ ಸಿಟಿ ಬಸ್ಸಿನ ವೇಗ. ಬರಿ ಮಣ್ಣಿನ ಮೇಲೆ ಅದು ಬಿದ್ದರೆ ಹೆಂಟೆ ಒಡೆದು ಪುಡಿಯಾಗುತ್ತದೆ. ಪುಡಿ ಮಣ್ಣು ಸಂದುಗಳನ್ನು ಮುಚ್ಚುತ್ತದೆ. ನೀರು ಕೆಳಗಿಳಿಯಲು ದಾರಿ ಇಲ್ಲದೆ ಮೇಲೆ ಹರಿಯುತ್ತದೆ, ಹರಿಯುವಾಗ ಪುಡಿಯನ್ನೂ ಹೊತ್ತೊಯ್ಯುತ್ತದೆ. ಕೆಂಪು ಮಣ್ಣು ಒಣಗಿದರಂತೂ ಮೇಲೆ ಗಟ್ಟಿ ಪದರ ಕೂತು ಬೀಜದ ಮೊಳಕೆಯೂ ತಲೆ ಎತ್ತದು.

ಅದೇ ಹನಿ ಎಲೆಯ ಮೇಲೆ ಬಿದ್ದರೆ? ಅದರ ಸೊಕ್ಕು ಅಲ್ಲೇ ಮುರಿಯುತ್ತದೆ. ಎಲೆಯಿಂದ ಜಾರಿ, ಕಾಂಡ ಹಿಡಿದು ಮೆಲ್ಲಗೆ ಇಳಿದು, ಬೇರಿನ ದಾರಿಯಲ್ಲಿ ಭೂಮಿಗೆ ಸೇರುತ್ತದೆ. ಹೊದಿಕೆ ಬೆಳೆ ಎಂದರೆ ಇಷ್ಟೇ. ಮುಖ್ಯ ಬೆಳೆ ಇಲ್ಲದಾಗ, ಅಥವಾ ಅದರ ಸಾಲಿನ ನಡುವೆ, ನೆಲವನ್ನು ಮುಚ್ಚಲೆಂದೇ ಬೆಳೆಯುವ ಬೆಳೆ. ಹೆಸರು ಹೊಸದು, ಕೆಲಸ ಹಳೆಯದು. ರಾಗಿ, ಜೋಳದ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಬಿಡುತ್ತಿದ್ದ ಹಿರಿಯರಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಅಕ್ಕಡಿ ಎಲ್ಲಿ ಹೋಯಿತು? 1990ರ ದಶಕದಿಂದೀಚೆಗೆ ದಾವಣಗೆರೆ ಸೀಮೆಯ ಖುಷ್ಕಿಯನ್ನು ಮೆಕ್ಕೆಜೋಳ ಆಕ್ರಮಿಸಿತು. ರೈತನಿಗೆ ಕಾಸು ತಂದಿತು, ಎಪಿಎಂಸಿಗೆ ವಹಿವಾಟು ತಂದಿತು. ಅದನ್ನು ದೂರಿ ಫಲವಿಲ್ಲ. ಆದರೆ ಸಾಲಿನಿಂದ ಸಾಲಿಗೆ ಎರಡಡಿ ಜಾಗ ಬಿಡುವ ಬೆಳೆ ಅದು. ಗರಿ ಕೂಡಿ ನೆಲ ಮುಚ್ಚುವುದಕ್ಕೆ ತಿಂಗಳ ಮೇಲೇ ಬೇಕು. ಅಷ್ಟರಲ್ಲಿ ಮುಂಗಾರಿನ ಹೊಡೆತ ಬಿದ್ದಿರುತ್ತದೆ. ಕೊಯ್ಲಾದ ಮೇಲೆ ಮುಂದಿನ ಬಿತ್ತನೆವರೆಗೆ ಹೊಲ ಬೆತ್ತಲೆ. ಭರಣಿ, ಕೃತ್ತಿಕೆಯ ಗುಡುಗು ಮಳೆ ಬರುವುದು ಆ ಬೆತ್ತಲೆ ಮೈ ಮೇಲೇ.

ಯಾವ ಹೊಲಕ್ಕೆ ಯಾವುದು?

ಹೊದಿಕೆ ಬೆಳೆ ಒಳ್ಳೆಯದು ಎಂದು ಭಾಷಣ ಮಾಡುವುದು ಸುಲಭ. ಯಾವ ಹೊಲಕ್ಕೆ ಯಾವುದು ಎಂದು ಹೇಳುವಲ್ಲಿ ಭಾಷಣಕಾರರ ಗಂಟಲು ಕಟ್ಟುತ್ತದೆ. ಅಳತೆ ನೋಡದೆ ಹೊಲಿದ ಅಂಗಿಯಂತೆ ಎಲ್ಲಾ ಊರಿಗೂ ಒಂದೇ ಬೀಜ ಹಂಚಿದರೆ ಅದು ಯಾರಿಗೂ ಹೊಂದುವುದಿಲ್ಲ.

ಮೆಕ್ಕೆಜೋಳದ ಕೆಂಪು ನೆಲಕ್ಕೆ ಹುರುಳಿಯನ್ನು ಮೀರಿಸಿದ್ದು ಕಷ್ಟ. ಉತ್ತರೆ, ಹಸ್ತೆ ಮಳೆಯ ಹದಕ್ಕೆ, ಜೋಳದ ಗರಿ ಒಣಗುತ್ತಿರುವಾಗಲೇ ಸಾಲಿನ ನಡುವೆ ಎರಚಬಹುದು. ಉಳಿದ ಹಸಿಯಲ್ಲೇ ಬದುಕುತ್ತದೆ, ನೆಲಕ್ಕೆ ತಬ್ಬಿ ಹರಡುತ್ತದೆ. ಕಾಳು ಮನುಷ್ಯನಿಗೆ, ಹೊಟ್ಟು ದನಕ್ಕೆ, ಬೇರು ಮಣ್ಣಿಗೆ. ಮೆಕ್ಕೆಜೋಳದ ಜೊತೆಗೆ ತೊಗರಿ ಸಾಲು ಬಿಟ್ಟರೆ ಜೋಳ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ. ಅದರ ಬೇರು ಆಳಕ್ಕಿಳಿದು ಗಟ್ಟಿ ನೆಲ ಬಿಡಿಸುತ್ತದೆ. ಆದರೆ ಒಂದು ಎಚ್ಚರ: ಜೋಳಕ್ಕೆಂದು ಹೊಡೆದ ಕೆಲವು ಕಳೆನಾಶಕಗಳು ದ್ವಿದಳ ಸಸಿಯನ್ನೂ ಕಳೆಯೆಂದೇ ಎಣಿಸಿ ಸುಡುತ್ತವೆ. ಯಾವ ಔಷಧಿ ಎಂದು ಕೇಳಿ ಹೊಡೆಯಬೇಕು. ಅಂಗಡಿಯವರೂ ತಿಳಿದು ಕೊಡಬೇಕು.

ಇಳಿಜಾರು ಹೊಲಕ್ಕೆ ಪಟ್ಟೆ ಬೇಸಾಯ. ಒಂದು ಪಟ್ಟೆ ಜೋಳ, ಅದರ ಕೆಳಗೆ ಇಳಿಜಾರಿಗೆ ಅಡ್ಡಲಾಗಿ ಒಂದು ಪಟ್ಟೆ ಹುರುಳಿ, ಶೇಂಗಾ ಅಥವಾ ಅಲಸಂದೆ. ಜೋಳದ ಪಟ್ಟೆ ಬಿಟ್ಟುಕೊಟ್ಟ ಮಣ್ಣನ್ನು ಕೆಳಗಿನ ಪಟ್ಟೆ ತಡೆದು ಹಿಡಿಯುತ್ತದೆ.

ಭರಣಿ ಮಳೆ ಬಿದ್ದ ಊರಿಗೆ ಅಲಸಂದೆ ಅಥವಾ ಸೆಣಬು. ಎರಡೂ ಬೇಗ ಏಳುತ್ತವೆ. ಸೆಣಬನ್ನು ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಮಗುಚಬೇಕು. ಚೆನ್ನಾಗಿ ಬಂದ ಹಸಿರು ಗೊಬ್ಬರದ ಬೆಳೆ ಎಕರೆಗೆ 20ರಿಂದ 30 ಕಿಲೋ ಸಾರಜನಕ ಸೇರಿಸುತ್ತದೆ. ಒಂದು ಚೀಲ ಯೂರಿಯಾದಲ್ಲಿ ಇರುವುದು ಸುಮಾರು 20 ಕಿಲೋ ಎಂಬುದು ನೆನಪಿರಲಿ. ತಡ ಮಾಡಿದರೆ ಕಾಂಡ ನಾರಾಗಿ ಕೊಳೆಯುವುದೇ ಇಲ್ಲ.

ಭದ್ರಾ ನಾಲೆಯ ಕೆಳಗಿನ ಗದ್ದೆಗೆ ಸೆಣಬು ಹಾಕಿದರೆ ಕೆಟ್ಟಿತು, ನೀರು ನಿಂತರೆ ಅದು ತಾಳದು. ಅಲ್ಲಿಗೆ ಡಯಾಂಚವೇ ಸರಿ. ನೀರು ನಿಂತರೂ ಬದುಕುತ್ತದೆ, ಸೌಳು ನೆಲವನ್ನೂ ಸಹಿಸುತ್ತದೆ. ನಾಲೆಗೆ ನೀರು ಬಿಡುವ ಮುಂಚೆ ಮಳೆಗೆ ಬಿತ್ತಿ, ಭತ್ತದ ನಾಟಿಗೆ ಮೊದಲು ಕೆಸರಿನಲ್ಲಿ ತುಳಿಸಬಹುದು.

ಚನ್ನಗಿರಿ ಕಡೆಯ ಅಡಿಕೆ ತೋಟಗಳ ಕತೆಯೇ ಬೇರೆ. ನೆಲ ಕನ್ನಡಿ ಹಾಗಿದ್ದರೆ ತೋಟ ಚೆಂದ ಎಂಬ ಭ್ರಮೆ ಅಲ್ಲಿದೆ. ಎಳೆ ತೋಟದಲ್ಲಿ ಅಲಸಂದೆ ಬರುತ್ತದೆ. ದಟ್ಟ ನೆರಳಿನ ತೋಟದಲ್ಲಿ ಬಿದ್ದ ಸೋಗೆಯನ್ನು ಸುಡದೆ ನೆಲಕ್ಕೆ ಹಾಸಿದರೆ ಅದೇ ಹೊದಿಕೆ. ವೆಲ್ವೆಟ್ ಬೀನ್ಸ್ ಬಳ್ಳಿ ಹಾಕುವವರು ಕತ್ತಿ ಹಿಡಿದೇ ಇರಬೇಕು, ಇಲ್ಲದಿದ್ದರೆ ಅದು ಎಳೆ ಸಸಿಯ ಕುತ್ತಿಗೆಗೇ ಸುತ್ತುತ್ತದೆ.

ಅನುಮಾನ ಸುಳ್ಳಲ್ಲ

ಜಗಳೂರಿನ ರೈತ ಕೇಳುತ್ತಾನೆ: ‘ಬೆಳೆಗೇ ಮಳೆ ಇಲ್ಲ, ಹೊದಿಕೆಗೆ ಎಲ್ಲಿಂದ ತರೋಣ?’ ಸರಿಯಾದ ಪ್ರಶ್ನೆ. ಜಿಲ್ಲೆಯ ವಾಡಿಕೆ ಮಳೆಯೇ ವರ್ಷಕ್ಕೆ ಸುಮಾರು 650 ಮಿಲಿಮೀಟರ್, ಜಗಳೂರಿಗೆ ಅದಕ್ಕಿಂತ ಕಡಿಮೆ. ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ. ಮುಂಗಾರು ಕೈಕೊಟ್ಟ ವರ್ಷ ಸೆಣಬು ಬೆಳೆಯಲು ಹೋಗಿ ಜೋಳದ ಹದ ಕಳೆದುಕೊಂಡರೆ ಯಾರು ಹೊಣೆ? ಆದ್ದರಿಂದ ಕಡಿಮೆ ಮಳೆಯ ಕಡೆ ಮುಂಗಾರಿಗೆ ಮುಂಚಿನ ಹಸಿರು ಗೊಬ್ಬರ ಬೇಡ, ಹಿಂಗಾರಿನ ಹುರುಳಿ ಸಾಕು. ಅದೂ ಆಗದಿದ್ದರೆ ಜೋಳದ ಕಡ್ಡಿಗೆ ಬೆಂಕಿ ಇಡದೆ ಹೊಲದಲ್ಲೇ ಬಿಟ್ಟರೆ ಅರ್ಧ ಹೊದಿಕೆ ಆಯಿತು. ಬೀಡಿ ಹಚ್ಚಿದ ಕಡ್ಡಿಯನ್ನೇ ಹೊಲಕ್ಕೆ ಎಸೆಯುವ ಚಟ ಬಿಟ್ಟರೆ ಇದಕ್ಕೆ ಕಾಸು ಖರ್ಚಿಲ್ಲ.

ಇನ್ನೊಂದು ತೊಡಕು ದನ ಕುರಿಗಳದು. ಸುಗ್ಗಿ ಮುಗಿಯಿತು ಎಂದರೆ ಊರ ದನಕ್ಕೆಲ್ಲ ಹೊಲ ಮುಕ್ತ. ಒಬ್ಬನೇ ಹುರುಳಿ ಬಿತ್ತಿದರೆ ಅದು ಊರಿಗೆಲ್ಲ ಪುಕ್ಕಟೆ ಮೇವು. ಹಾಗೆಂದು ಕುರಿಗಾರರನ್ನು ಓಡಿಸುವುದೂ ಮೂರ್ಖತನ. ಮಂದೆ ನಿಲ್ಲಿಸಿದ ಹೊಲದ ಸತ್ವ ರೈತನಿಗೆ ಗೊತ್ತು, ಅದಕ್ಕಾಗಿ ಅವರಿಗೆ ಕಾಳೋ ಕಾಸೋ ಕೊಡುವ ಪದ್ಧತಿಯೂ ಇದೆ. ಇದು ಒಬ್ಬ ರೈತ ಬಗೆಹರಿಸುವ ವಿಷಯವಲ್ಲ. ಹುರುಳಿ ಕಿತ್ತು ಒಕ್ಕಣೆ ಮಾಡುವವರೆಗೆ ಇಂತಿಂಥ ಹೊಲಕ್ಕೆ ದನ ಬಿಡಬಾರದು, ಆಮೇಲೆ ಮಂದೆ ಬರಲಿ ಎಂದು ಊರಿನವರು ಕೂತು ಕಟ್ಟು ಮಾಡಬೇಕು. ಗ್ರಾಮ ಸಭೆ ಇರುವುದು ಫಲಾನುಭವಿ ಪಟ್ಟಿ ಓದುವುದಕ್ಕೆ ಮಾತ್ರವೇ?

ಬೀಜ ಬರುವುದು ಯಾವಾಗ?

ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಬೀಜದ್ದು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಆದರೆ ಬೀಜದ ಚೀಲ ಮಳೆಯ ಹಿಂದೆ ಓಡಿ ಬಂದರೆ ಏನು ಉಪಯೋಗ? ಭರಣಿಗೆ ಬೇಕಾದ ಅಲಸಂದೆ, ಸೆಣಬು ಏಪ್ರಿಲ್ ಮೊದಲ ವಾರಕ್ಕೆ ಕೇಂದ್ರದಲ್ಲಿ ಇರಬೇಕು. ಹುರುಳಿ ಬೀಜ ಆಗಸ್ಟ್ ಮುಗಿಯುವುದರೊಳಗೆ ಇರಬೇಕು. ಮಗೆ ಮಳೆಯ ಬೀಜ ಹಸ್ತೆಗೆ ಕೊಡುವುದು, ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದ ಹಾಗೆ.

ದಾವಣಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರ ಇದೆ. ತಿಳಿದವರಿಗೆ ಕೊರತೆಯಿಲ್ಲ. ತಾಲ್ಲೂಕಿಗೊಂದು, ಮಣ್ಣಿಗೊಂದು ಸಣ್ಣ ಪಟ್ಟಿ ಮಾಡಿ, ಯಾವ ಮಳೆಗೆ ಯಾವ ಹೊದಿಕೆ ಎಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಲಿ. ಸಿನಿಮಾ ಪೋಸ್ಟರ್ ಅಂಟಿಸುವ ಜಾಗದಲ್ಲಿ ಇದಕ್ಕೂ ಒಂದಡಿ ಸಿಕ್ಕೀತು.

‘ಹೊಲದ ಮಾತು ಪೇಟೆಯವರಿಗೇಕೆ?’ ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತವರು ಕೇಳಬಹುದು. ಜೋಳ ಕೈಹಿಡಿದ ವರ್ಷ ದೀಪಾವಳಿಗೆ ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೈಕೊಟ್ಟ ವರ್ಷ ಉದ್ರಿ ಪುಸ್ತಕ ಮಾತ್ರ ದಪ್ಪ ಆಗುತ್ತದೆ. ಪೇಟೆಯ ಬಂಡವಾಳ ಬ್ಯಾಂಕಿನಲ್ಲಿದೆ ಅಂದುಕೊಂಡವರು ತಪ್ಪು ತಿಳಿದಿದ್ದಾರೆ. ಅದು ಹೊಲದ ಮೇಲಿನ ಒಂದು ಗೇಣು ಮಣ್ಣಿನಲ್ಲಿದೆ. ಬ್ಯಾಂಕು ಮುಳುಗಿದರೆ ಸರ್ಕಾರ ಕೈ ಹಿಡಿದೀತು. ಮಣ್ಣು ಹೋದರೆ ಒಂದಂಗುಲ ಮತ್ತೆ ಹುಟ್ಟಲು ನೂರಾರು ವರ್ಷ ಬೇಕು.

ಬರುವ ಭರಣಿಯೊಳಗೆ ಎಷ್ಟು ಸಂಪರ್ಕ ಕೇಂದ್ರದಲ್ಲಿ ಸೆಣಬಿನ ಚೀಲ ಇಳಿದಿದೆ, ಎಷ್ಟು ಊರಿನಲ್ಲಿ ದನದ ಕಟ್ಟು ಆಗಿದೆ ಎಂದು ಜಿಲ್ಲಾಡಳಿತ ಒಂದು ಹಾಳೆಯಲ್ಲಿ ಬರೆದು ಜನರ ಮುಂದಿಡಲಿ. ಇಳಿಯದಿದ್ದರೆ ಯಾಕೆ ಎಂಬುದನ್ನೂ ಬರೆಯಲಿ. ಕೃಷಿ ಇಲಾಖೆಯ ಮಹನೀಯರು ಇತ್ತ ಗಮನ ಹರಿಸುವರೇ?