ಇಸ್ತ್ರಿಪೆಟ್ಟಿಗೆಯೂ ಪುಟ್ಟ ವಿಮಾನವೂ

ಸಹೋದರಿಯರೇ, ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ವಿಮಾನಗಳ ಪಲ್ಟಿ ನೋಡಿ ಬಂದ ಮಗಳು "ಅಮ್ಮೀ, ನಾನೂ ಒಂದು ಮಾಡ್ತೀನಿ" ಎಂದರೆ ಏನು ಹೇಳುತ್ತೀರಿ? "ಮೊದಲು ಓದು" ಎಂದೇ ತಾನೆ? ಸ್ವಲ್ಪ ತಾಳಿ.

ರೇಡಿಯೊದಿಂದ ಹಾರಿಸುವ ಪಲ್ಟಿ ವಿಮಾನವನ್ನು ಬಾಲ್ಸಾ ಎಂಬ ಹಗುರ ಮರದಿಂದ ಕಟ್ಟುತ್ತಾರೆ. ರೆಕ್ಕೆಯ ಮೇಲೂ ಕೆಳಗೂ ಒಂದೇ ಉಬ್ಬು. ಹಾಗಾಗಿಯೇ ಅದು ತಲೆಕೆಳಗಾಗಿಯೂ ಚೆನ್ನಾಗಿ ಹಾರುತ್ತದೆ. ಹಂದರದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿ ಮಾಡಿದರೆ ಬಿಗಿಯಾಗಿ ಕೂರುತ್ತದೆ, ಶಾಖ ಹೆಚ್ಚಾದರೆ ತೂತು. ಈ ಕೆಲಸದಲ್ಲಿ ನಿಮ್ಮ ಕೈಯೇ ಪಳಗಿದ್ದು! ರೆಕ್ಕೆಯ ಮುಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಬೆರಳಿಟ್ಟು ಎತ್ತಿದಾಗ ವಿಮಾನ ಸಮತೂಕದಲ್ಲಿ ನಿಲ್ಲಬೇಕು. ಬಾಲ ಭಾರವಾದರೆ ಮೊದಲ ಹಾರಾಟವೇ ಕೊನೆಯದು.

ನಿಜವಾದ ಭಯ ಲಿಥಿಯಂ ಬ್ಯಾಟರಿಯದು. ಉಬ್ಬಿದ, ಬಿದ್ದು ಜಜ್ಜಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು, ಬೆಂಕಿ ಹತ್ತುತ್ತದೆ. ಚಾರ್ಜಿಗೆ ಹಾಕಿ ಮಲಗುವುದಂತೂ ಬೇಡ. ರೇಷ್ಮೆ ಗೂಡಿನ ಮೂಟೆ ಇರುವ ಶಿಡ್ಲಘಟ್ಟದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕೆ?

ಹಾರಿಸಲು ವಿದುರಾಶ್ವತ್ಥದ ಸುತ್ತ ಕೊಯ್ಲಾದ ಹೊಲಗಳಿವೆ, ಮಾಲೀಕರನ್ನು ಕೇಳಿ. ದೇವಸ್ಥಾನದ ಜನಸಂದಣಿ, 1938ರ ಹುತಾತ್ಮರ ಸ್ಮಾರಕದ ಕಡೆ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ವಿಮಾನ ಕಣ್ಣಳತೆಯಲ್ಲೇ ಇರಬೇಕು. ಹಸಿರು ವಲಯದಲ್ಲಿ 400 ಅಡಿ ಮಿತಿ.

ವಿಮಾನ ನಮ್ಮತ್ತ ತಿರುಗಿದಾಗ ಎಡಬಲ ಅದಲುಬದಲಾಗುತ್ತದೆ. ಆದ್ದರಿಂದ ಮೊದಲು ಥರ್ಮೋಕೋಲಿನ ಒಂದೆರಡು ವಿಮಾನ ಮುರಿಯಲಿ. ಗದರಬೇಡಿ, ಅಂಟು ತೆಗೆದುಕೊಡಿ. ಆದರೆ ಸಾಮಾನ್ಯ ಸೂಪರ್ ಗ್ಲೂ ಅಲ್ಲ, ಅದು ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ.